ಏಳನೇ ಗೆರೆ

ಮೊದಲು ನಾನು ಅನುಮಾನಿಸಿದ್ದು ಮೈಕನ್ನು.

ಪರದೆಯ ಮೇಲೆ ಹನ್ನೆರಡು ಗೆರೆಗಳು ಒಂದರ ಕೆಳಗೊಂದು ಎಡದಿಂದ ಬಲಕ್ಕೆ ಓಡುತ್ತಿದ್ದವು. ಒಂದೊಂದು ಗೆರೆ ಒಂದೊಂದು ಮಗುವಿನ ದನಿ. ಹಾಡುವಾಗ ಗೆರೆ ಉಬ್ಬುತ್ತದೆ, ಉಸಿರು ತೆಗೆದುಕೊಳ್ಳುವಾಗ ಸಣ್ಣಗಾಗುತ್ತದೆ. ಏಳನೆಯದು ಮಾತ್ರ ಹಾಡಿನ ನಾಲ್ಕು ಕಡೆ ಪೂರ್ತಿ ಚಪ್ಪಟೆಯಾಗುತ್ತಿತ್ತು, ದಾರ ಕತ್ತರಿಸಿದ ಹಾಗೆ. ತಲೆ ಎತ್ತಿ ನೋಡಿದರೆ ಯಾಯೆಲ್ ಎಲ್ಲರಂತೆ ಬಾಯಿ ತೆರೆದು ಹಾಡುತ್ತಲೇ ಇದ್ದಳು.

ಮೈಕ್ ಬದಲಿಸಿದೆ. ಅವಳದನ್ನು ಪಕ್ಕದಲ್ಲಿ ನಿಲ್ಲುವ ಆಶರ್‌ನ ಅಂಗಿಗೆ ಸಿಕ್ಕಿಸಿ, ಅವನದನ್ನು ಅವಳಿಗೆ ಕೊಟ್ಟೆ. ಆಶರ್‌ನ ದನಿ ಎಲ್ಲೂ ಮುರಿಯಲಿಲ್ಲ. ಯಾಯೆಲ್‌ಳದು ಮತ್ತೆ ಅದೇ ನಾಲ್ಕು ಕಡೆ ಚಪ್ಪಟೆ. ತಂತಿಯ ದೋಷವಾಗಿದ್ದರೆ ಅದು ತಂತಿಯ ಜೊತೆ ಹೋಗಬೇಕಿತ್ತು. ಇದು ಹುಡುಗಿಯ ಜೊತೆ ಹೋಗುತ್ತಿತ್ತು.

ಟೆಕ್ಸಾಸಿನ ರಿಚರ್ಡ್‌ಸನ್‌ನಲ್ಲಿ ಧ್ವನಿಮುದ್ರಣ ಓದಿ ಮುಗಿಸಿ ನನಗೆ ಹತ್ತು ತಿಂಗಳಾಗಿತ್ತು. ಮೈಸೂರಿನಲ್ಲಿ ಅಪ್ಪ ನೆಂಟರಿಗೆ ‘ಎಂ.ಎಸ್. ಮಾಡಿದ್ದಾಳೆ’ ಎಂದಷ್ಟೇ ಹೇಳುತ್ತಿದ್ದರು. ಯಾವುದರಲ್ಲಿ ಎಂದು ಯಾರಾದರೂ ಕೇಳಿದರೆ ಕಾಫಿ ತರಲು ಒಳಗೆ ಹೋಗುತ್ತಿದ್ದರು. ನಾನು ಸೇರಿದ್ದ ಸಣ್ಣ ಸ್ಟುಡಿಯೋ ಆ ವಸಂತದಲ್ಲಿ ನನ್ನನ್ನು ಉತ್ತರ ಡಲ್ಲಸ್‌ನ ಒಂದು ಯಹೂದಿ ಭವನಕ್ಕೆ ಕಳಿಸಿತ್ತು. ಅಲ್ಲಿ ಹೈಸ್ಕೂಲು ಮಕ್ಕಳ ಗಾಯನವೃಂದವೊಂದಿತ್ತು. ಹನ್ನೆರಡು ಮಕ್ಕಳು, ಬುಧವಾರ, ಗುರುವಾರ, ಭಾನುವಾರ ಅಭ್ಯಾಸ. ಹಾಡುವುದರ ಜೊತೆಗೆ ಅವರು ಆಹಾರದ ಪೊಟ್ಟಣ ಕಟ್ಟುತ್ತಿದ್ದರು, ವೃದ್ಧಾಶ್ರಮಗಳಿಗೆ ಹೋಗುತ್ತಿದ್ದರು.

ಬಾಗಿಲಲ್ಲಿ ಹೆರೆರಾ ಎಂಬ ಕಾವಲುಗಾರ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ನಿಂತಿರುತ್ತಿದ್ದ. ಪ್ರತಿ ಸಲವೂ ನನ್ನ ಪೆಟ್ಟಿಗೆ ತೆರೆಸುತ್ತಿದ್ದ, ಪ್ರತಿ ಸಲವೂ ಒಳಗೆ ಟಾರ್ಚ್ ಬಿಡುತ್ತಿದ್ದ.

“ಹೋದ ವಾರವೂ ನೋಡಿದ್ರಲ್ಲ,” ಎಂದೆ ಒಮ್ಮೆ.

“ಹೋದ ವಾರದ್ದು ಹೋದ ವಾರಕ್ಕೆ ಆಯ್ತು, ಮ್ಯಾಮ್.”

ನನಗೆ ಬೇಸರವಾಗಲಿಲ್ಲ. ಯಹೂದಿಯರ ಮೇಲೆ ದಾಳಿಗಳಾಗುತ್ತಿದ್ದ ಕಾಲ; ಅಂಥ ಬಾಗಿಲಿನಲ್ಲಿ ನಿಂತರೆ ನಾನೂ ಹಾಗೇ ನೋಡುತ್ತಿದ್ದೆ. ಒಳಗೆ ಹೋದ ಮೇಲೆ ನಾನು ಮಾಡುತ್ತಿದ್ದದ್ದೂ ಅದನ್ನೇ, ಟಾರ್ಚ್ ಇಲ್ಲದೆ.

ಏಕೆಂದರೆ ವೃಂದದ ಮುಖ್ಯಸ್ಥೆ ರೋಷೆಲ್ ನನಗೆ ಕೊಟ್ಟ ಕೆಲಸ ಬೇರೆಯೇ ಆಗಿತ್ತು. ರೋಷೆಲ್‌ಗೆ ಅರವತ್ತರ ಆಸುಪಾಸು. ಕೂದಲಿನ ಗಂಟಿಗೆ ಒಂದು ಪೆನ್ಸಿಲ್ ಸಿಕ್ಕಿಸಿರುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಅದನ್ನು ಎಳೆದು ತೆಗೆಯುತ್ತಿದ್ದರು. ಮೊದಲ ದಿನವೇ ನನ್ನನ್ನು ಮೂಲೆಗೆ ಕರೆದು ಹೇಳಿದರು:

“ಇವರಲ್ಲಿ ಒಬ್ಬರು ಕೆಲವು ಕಡೆ ಹಾಡ್ತಾ ಇಲ್ಲ, ಸುಚೇತಾ. ಬಾಯಿ ಆಡಿಸ್ತಾರೆ ಅಷ್ಟೇ. ನನ್ನ ಕಿವಿಗೆ ಗೊತ್ತಾಗುತ್ತೆ. ಯಾರು ಅನ್ನೋದು ಮಾತ್ರ ಗೊತ್ತಾಗ್ತಿಲ್ಲ.”

“ಅವರನ್ನೇ ಕೇಳಬಹುದಲ್ಲ?”

“ಕೇಳಿದ್ರೆ ಹನ್ನೆರಡು ಜನರೂ ನಾನಲ್ಲ ಅಂತಾರೆ. ದನಿಗಳ ಬ್ಯಾಲೆನ್ಸ್ ನೋಡೋಕೆ ಅಂತ ಹೇಳಿ ಮೈಕ್ ಹಾಕಿ. ಯಾರು ಅಂತ ನನಗೆ ಹೇಳಿ.”

ಮೇ ತಿಂಗಳಲ್ಲಿ ಹ್ಯೂಸ್ಟನ್‌ನ ಒಂದು ವೃದ್ಧಾಶ್ರಮದ ಸಭಾಂಗಣದಲ್ಲಿ ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿನ ವೃಂದಗಳು ಒಟ್ಟಿಗೆ ಹಾಡುವುದಿತ್ತು. ಪ್ರತಿ ಊರಿನಿಂದ ಎಂಟೇ ಮಂದಿ. ನಮ್ಮ ಹನ್ನೆರಡರಲ್ಲಿ ನಾಲ್ವರು ಹಿಂದೆ ಉಳಿಯಬೇಕು. ನಾನು ತೆಗೆದ ಬಿಡಿ ದನಿಗಳನ್ನು ಕೇಳಿ ರೋಷೆಲ್ ಆ ಎಂಟು ಮಂದಿಯನ್ನು ಆರಿಸುವವರಿದ್ದರು. ಬರೀ ಬಾಯಿ ಆಡಿಸುವವರಿಗೆ ಜಾಗವಿಲ್ಲ ಎಂದು ಮೊದಲೇ ಹೇಳಿದ್ದರು.

ಯಾಯೆಲ್‌ಗೆ ಹದಿನಾರು ವರ್ಷ. ಆ ವೃದ್ಧಾಶ್ರಮದಲ್ಲಿ ಅವಳ ತಾತ ಇದ್ದಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಂದಿನ ಸಾಲಿನಲ್ಲಿ ಗಾಲಿಕುರ್ಚಿಗೆ ಜಾಗ ಬಿಡಿಸಬೇಕೆಂದು ಅವಳು ಫೆಬ್ರವರಿಯಲ್ಲೇ ರೋಷೆಲ್‌ಗೆ ಹೇಳಿಟ್ಟಿದ್ದಳು. ಇಷ್ಟು ಆಸೆ ಇರುವ ಹುಡುಗಿ ನಾಲ್ಕು ಕಡೆ ಏಕೆ ಸುಮ್ಮನಾಗುತ್ತಾಳೆ?

ನನ್ನ ಹಾಳೆಯಲ್ಲಿ ಹೀಬ್ರೂ ಕೀರ್ತನೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೆಳಗೆ ಅರ್ಥ ಕೊಟ್ಟಿದ್ದರು. ಬೆರಳಿಟ್ಟುಕೊಂಡು ನೋಡಿದೆ. ನಾಲ್ಕು ಕಡೆಯೂ ಒಂದೇ ಪದ. ದೇವರ ಹೆಸರು. ಆ ಪದವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಒಂದೇ ಪದ, ನಾಲ್ಕು ಬೇರೆ ಬೇರೆ ಸ್ವರಗಳಲ್ಲಿ. ಆದ್ದರಿಂದ ದನಿ ಏರಲಾರದ ತೊಂದರೆಯಲ್ಲ. ಬೇಕೆಂದೇ ಬಿಡುತ್ತಿದ್ದಾಳೆ. ನಂಬಿಕೆ ಹೋಗಿದೆ, ಮನೆಯವರಿಗೆ ಹೇಳಲಾರದೆ ಹೀಗೆ ಕದ್ದು ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಇಲ್ಲವೇ ಇವರೆಲ್ಲರ ಮೇಲೂ ಏನೋ ತಾತ್ಸಾರ. ಅವಳನ್ನೇ ಕೇಳಬಹುದಿತ್ತು. ಆದರೆ ಕೇಳುವುದು ನನ್ನ ಅಭ್ಯಾಸವಲ್ಲ. ಎದುರಿನವರು ಹೇಳದೇ ಬಿಟ್ಟದ್ದನ್ನು ಮನೆಗೆ ಹೊತ್ತುಕೊಂಡು ಹೋಗಿ ಅದಕ್ಕೊಂದು ಅರ್ಥ ಕಟ್ಟುವುದು ಚಿಕ್ಕಂದಿನಿಂದ ಬಂದ ಚಟ.

ಅಂದಿನಿಂದ ಅವಳು ಮಾಡಿದ್ದೆಲ್ಲ ನನ್ನ ಕಣ್ಣಿಗೆ ಸಾಕ್ಷಿಯಾಗತೊಡಗಿತು. ಎಲ್ಲರೂ ಪಿಜ್ಜಾ ತಿನ್ನುವಾಗ ಅವಳು ಮನೆಯಿಂದ ತಂದ ಡಬ್ಬಿ ತೆರೆದು ಮೂಲೆಯಲ್ಲಿ ಕೂರುತ್ತಿದ್ದಳು. ಹಾಡುವ ಮೊದಲು ಕಣ್ಣು ಮುಚ್ಚಿ ಏನೋ ಎಣಿಸುವವಳಂತೆ ನಿಲ್ಲುತ್ತಿದ್ದಳು. ಬಿಡುವಿನಲ್ಲಿ ಮಾತಾಡುವಾಗ ಅಂಗಿಯ ಮೈಕನ್ನು ಅಂಗೈಯಿಂದ ಮುಚ್ಚುತ್ತಿದ್ದಳು. ಒಂದು ಬುಧವಾರ ನೇರವಾಗಿ ನನ್ನ ಮೇಜಿಗೆ ಬಂದಳು.

“ಇದು ಯಾವಾಗೆಲ್ಲ ಆನ್ ಆಗಿರುತ್ತೆ?”

“ಹಾಡುವಾಗ ಮಾತ್ರ,” ಎಂದೆ. ಅದು ಸುಳ್ಳು.

“ಒಬ್ಬೊಬ್ಬರದೂ ಬೇರೆ ಬೇರೆ ಕೇಳಿಸುತ್ತಾ?”

“ಒಟ್ಟಾರೆ ಬ್ಯಾಲೆನ್ಸ್ ಅಷ್ಟೇ.”

ಹಿಂದಿನಿಂದ ಆಶರ್ ಕೂಗಿದ: “ನಂಬಬೇಡ ಯಾಯೆಲ್, ಅವರು ಸಿಐಎ! ನಿನ್ನೆ ನನ್ನ ಹೊಟ್ಟೆ ಗುರ್ ಅಂದದ್ದು ವಾಷಿಂಗ್ಟನ್‌ಗೆ ಹೋಗಿದೆ!”

ಎಲ್ಲರೂ ನಕ್ಕರು. ಯಾಯೆಲ್ ನಗಲಿಲ್ಲ. ನನ್ನನ್ನು ನೋಡುತ್ತಿದ್ದಳು, ಹೆರೆರಾ ಪೆಟ್ಟಿಗೆ ನೋಡುವ ಹಾಗೆ.

ಆ ಶನಿವಾರ ಪಕ್ಕದ ಊರು ಪ್ಲೇನೋದಲ್ಲಿ ನಳಿನಿ ಆಂಟಿಯ ಮನೆಯಲ್ಲಿ ಊಟ. ಧಾರವಾಡದವರು, ನನ್ನಂಥ ಒಂಟಿ ಹುಡುಗಿಯರನ್ನು ಕರೆದು ರೊಟ್ಟಿ ಹಾಕುವುದು ಅವರ ವಾರದ ಕಾರ್ಯಕ್ರಮ. ನಾನು ಹೋದಾಗ ಆಂಟಿ ದಂತವೈದ್ಯರ ಆಫೀಸಿನವರೊಂದಿಗೆ ಫೋನಿನಲ್ಲಿದ್ದರು. ಇದ್ದಕ್ಕಿದ್ದಂತೆ “ಒನ್ ಮಿನಿಟ್” ಎಂದು ಫೋನನ್ನು ನನ್ನ ಕೈಗೆ ತುರುಕಿದರು.

“ಹೇಳವಾ ಸುಚೇತಾ. ನಮ್ಮ ಮನಿಯವರ ಹೆಸರ ಕೇಳಾಕತ್ತಾಳ.”

“ಈರಣ್ಣ,” ಎಂದು ಆ ಕಡೆಯವಳಿಗೆ ಹೇಳಿ, ಒಂದೊಂದೇ ಅಕ್ಷರ ಬಿಡಿಸಿದೆ.

ಸೋಫಾದ ಮೇಲಿಂದ ಅಂಕಲ್ ಹೇಳಿದರು: “ಮೂವತ್ತು ವರ್ಷ ಆತು ನೋಡವಾ ಈ ದೇಶಕ್ಕ ಬಂದು. ಕಾರ್ ನಡಸ್ತಾಳ, ಟ್ಯಾಕ್ಸ್ ಫೈಲ್ ಮಾಡ್ತಾಳ, ನನ್ನ ಹೆಸರ ಮಾತ್ರ ಈಕಿ ಬಾಯಾಗ ಬರೂದಿಲ್ಲ.”

“ಸುಮ್ನ ಕುಂಡ್ರಿ. ದಿನಾ ಬಾಯಾಗ ಇಟ್ಕೊಂಡು ತಿರಗಾಕ ಅದೇನು ಚೂಯಿಂಗ್ ಗಮ್ಮೇನ್ರಿ?” ಎಂದರು ಆಂಟಿ. “ಯುಗಾದಿಗೆ ಸಂಘದಾಗ ಹೇಳಲಿಲ್ಲೇನು, ಇನ್ನೂರ್ ಮಂದಿ ಮುಂದ?”

ಹೇಳಿದ್ದರು, ನಾನೂ ಕೇಳಿದ್ದೆ. ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳುವ ಒಡಪು ಅವರ ಕಡೆಯ ಪದ್ಧತಿ. ಯುಗಾದಿಯ ದಿನ ಆಂಟಿ ಸೆರಗು ಸರಿಮಾಡಿಕೊಂಡು, ಮೈಕ್ ಹಿಡಿದು ಹೇಳಿದ್ದರು:

“ಗ್ಯಾರೇಜಿನಾಗ ಎರಡು ಕಾರು, ಗ್ವಾಡಿಗೆ ಬಿಳಿ ಸುಣ್ಣ,
ಟೆಕ್ಸಾಸ್ ಬಿಸಲಾಗ ನನಗ ನೆರಳು ನಮ್ಮ ರಾಯರು ಈರಣ್ಣ.”

ಸಭೆಯೆಲ್ಲ ಶಿಳ್ಳೆ ಹೊಡೆದಿತ್ತು. ಅಂಕಲ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು.

ನಾನು ನಗುತ್ತಾ ರೊಟ್ಟಿ ಮುರಿದೆ. ತಲೆಯಲ್ಲಿ ಏಳನೇ ಗೆರೆ ಓಡುತ್ತಲೇ ಇತ್ತು. ಇವೆರಡಕ್ಕೂ ಸಂಬಂಧವಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಭಾನುವಾರ ವೃಂದ ಬಸ್ಸಿನಲ್ಲಿ ಆಸ್ಟಿನ್‌ಗೆ ಹೋಯಿತು. ಮೂರೂವರೆ ಗಂಟೆಯ ದಾರಿ. ಆಶರ್ ದಾರಿಯುದ್ದಕ್ಕೂ ಟ್ರಕ್ಕುಗಳಿಗೆ ಕೈಸನ್ನೆ ಮಾಡಿ ಹಾರ್ನ್ ಹೊಡೆಸಿದ. ಅಲ್ಲಿ ಯಹೂದಿ ಪ್ರಾರ್ಥನಾಮಂದಿರವಾದ ಒಂದು ಸಿನಗಾಗ್‌ನ ನೆಲಮಾಳಿಗೆಯಲ್ಲಿ ಮಕ್ಕಳು ಎರಡು ಗಂಟೆ ಕಾಲ ಬೇಳೆ, ಅಕ್ಕಿ, ಟ್ಯೂನಾ ಡಬ್ಬಿಗಳನ್ನು ಪೆಟ್ಟಿಗೆಗಳಿಗೆ ತುಂಬಿದರು. ಯಾಯೆಲ್ ಎಲ್ಲರಿಗಿಂತ ಬೇಗ ಕಟ್ಟುತ್ತಿದ್ದಳು, ಟೇಪನ್ನು ಹಲ್ಲಿನಿಂದ ಹರಿಯುತ್ತಿದ್ದಳು. ಆಮೇಲೆ ಮೇಲಿನ ಕೋಣೆಯಲ್ಲಿ ಹತ್ತಿಪ್ಪತ್ತು ಮುದುಕರು ಮಧ್ಯಾಹ್ನದ ಪ್ರಾರ್ಥನೆಗೆ ಸೇರಿದರು. ಆ ಪ್ರಾರ್ಥನೆಯ ನಡುವೆ ಮಕ್ಕಳು ಅದೇ ಕೀರ್ತನೆಯನ್ನು ಹಾಡಿದರು.

ನಾನು ಬಾಗಿಲ ಬಳಿ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದೆ. ಮೊದಲ ಜಾಗ ಬಂತು. ಏಳನೇ ಗೆರೆ ಉಬ್ಬಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ನಾಲ್ಕೂ ಕಡೆ ಆ ಹೆಸರು ಪೂರ್ತಿ ದನಿಯಲ್ಲಿ, ಸ್ವಚ್ಛವಾಗಿ, ಹನ್ನೆರಡರಲ್ಲೂ ಅತ್ಯಂತ ಸ್ವಚ್ಛವಾಗಿ ಬಂದಿತ್ತು.

ಹಾಗಾದರೆ ಅವಳಿಗೆ ಹಾಡಲು ಬರುತ್ತದೆ. ನೋಡುವವರಿದ್ದರೆ ಹಾಡುತ್ತಾಳೆ. ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ ಅವಳನ್ನು ನೋಡಿ, ಎಂಥ ನಾಟಕಗಾತಿ ಎಂದುಕೊಂಡೆ. ನಾಚಿಕೆಯ ಸಂಗತಿಯೆಂದರೆ ನನಗೆ ಆಗ ಒಂದು ಬಗೆಯ ಸಂತೋಷವೂ ಆಯಿತು, ಕಳ್ಳರನ್ನು ಹಿಡಿದವರಿಗೆ ಆಗುವಂಥದ್ದು.

ಬುಧವಾರ ಆಯ್ಕೆಯ ರೆಕಾರ್ಡಿಂಗ್. ಏಳನೇ ಗೆರೆ ಮತ್ತೆ ನಾಲ್ಕು ಕಡೆ ಚಪ್ಪಟೆ.

“ಗೊತ್ತಾಯ್ತಾ?” ಎಂದರು ರೋಷೆಲ್, ಮಕ್ಕಳು ಹೋದ ಮೇಲೆ.

ಬಾಯಿ ತೆರೆದೆ. ಹೆಸರು ನಾಲಗೆಯ ತುದಿಯಲ್ಲಿತ್ತು. ಮುಂದಿನ ಸಾಲಿನ ಆ ಗಾಲಿಕುರ್ಚಿ ಎಲ್ಲಿಂದಲೋ ಕಣ್ಣಿಗೆ ಕಟ್ಟಿತು.

“ಒಂದು ವೈರ್ ಸರಿಯಿಲ್ಲ. ನಾಳೆ ಹೇಳ್ತೀನಿ,” ಎಂದೆ.

ಮನೆಗೆ ಬಂದು ಮಾಡಿದ ಕೆಲಸವನ್ನು ಕರುಣೆ ಎಂದು ಕರೆಯಲು ನಾನು ಬಹಳ ಪ್ರಯತ್ನಿಸಿದ್ದೇನೆ. ಸ್ವಲ್ಪ ಕರುಣೆ ಇತ್ತು. ಉಳಿದದ್ದು ಕಸುಬಿನ ಅಹಂಕಾರ: ಗೆರೆಯಲ್ಲಿ ತೂತು ಕಂಡರೆ ಮುಚ್ಚದೆ ಇರಲಾರದ ಕೈ. ಆಸ್ಟಿನ್‌ನಲ್ಲಿ ಅವಳು ಹಾಡಿದ ಆ ನಾಲ್ಕು ಪದಗಳನ್ನು ಕತ್ತರಿಸಿ ತೆಗೆದೆ. ಅಂದು ಎಲ್ಲರೂ ಶ್ರುತಿಯಲ್ಲಿ ಕೂದಲೆಳೆಯಷ್ಟು ಇಳಿದಿದ್ದರು, ಅದನ್ನು ಏರಿಸಿದೆ. ಹಿನ್ನೆಲೆಯಲ್ಲಿ ಒಬ್ಬ ಮುದುಕ ಕೆಮ್ಮಿದ್ದ. ಆ ಕೆಮ್ಮನ್ನು ಒರೆಸಿದೆ. ಬುಧವಾರದ ಖಾಲಿ ಜಾಗಗಳಲ್ಲಿ ಒಂದೊಂದಾಗಿ ಕೂರಿಸಿ, ಅಂಚುಗಳನ್ನು ಮಸಾಜು ಮಾಡಿದ ಹಾಗೆ ನಯಗೊಳಿಸಿದೆ. ಕೇಳಿದೆ. ಹೊಲಿಗೆ ಎಲ್ಲೂ ಕಾಣಲಿಲ್ಲ. ಇಷ್ಟು ಒಳ್ಳೆಯ ಕೆಲಸವನ್ನು ನಾನು ಅದುವರೆಗೆ ಮಾಡಿರಲಿಲ್ಲ.

ಗುರುವಾರ ಸಂಜೆ ರೋಷೆಲ್‌ಗೆ ಫೈಲುಗಳನ್ನು ಕೊಟ್ಟು, “ಯಾರೂ ಬಾಯಿ ಬರಿದೇ ಆಡಿಸ್ತಿಲ್ಲ. ವೈರ್‌ದೇ ತೊಂದರೆ,” ಎಂದೆ. ಅವರು ನನ್ನನ್ನು ಕ್ಷಣಹೊತ್ತು ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ನಾನು ಎಣಿಸದೇ ಇದ್ದದ್ದು ಒಂದೇ. ರೋಷೆಲ್ ಆ ದನಿಗಳನ್ನು ಮಕ್ಕಳ ಮುಂದೆಯೇ ಒಂದೊಂದಾಗಿ ಕೇಳಿಸಿದರು. “ನಿಮ್ಮ ದನಿ ನೀವೇ ಕೇಳಿ. ಅದಕ್ಕಿಂತ ಕಠಿಣ ಟೀಚರ್ ಇಲ್ಲ,” ಎಂದರು. ಆಶರ್ ತನ್ನದನ್ನು ಕೇಳಿ, “ಯಾರಿದು, ಮೇಕೆಯಾ?” ಎಂದ. ಆರು ದನಿಗಳಾದವು. ಏಳನೆಯದು ಶುರುವಾಯಿತು.

ಯಾಯೆಲ್ ತಲೆ ತಗ್ಗಿಸಿ ಕೇಳುತ್ತಿದ್ದಳು. ಮೊದಲ ಜಾಗದಲ್ಲಿ ಆ ಹೆಸರು ಅವಳ ದನಿಯಲ್ಲೇ ಕೋಣೆಯನ್ನು ತುಂಬಿತು. ಅವಳ ತಲೆ ಮೇಲೆದ್ದಿತು. ಎರಡನೆಯದು ಬಂದಾಗ ನೇರವಾಗಿ ನನ್ನತ್ತ ತಿರುಗಿದಳು. ಮೂರನೆಯದಕ್ಕೆ ಎದ್ದು ಹೊರಗೆ ಹೋದಳು.

ನಾನೂ ಹೋದೆ. ಕಾರಿಡಾರಿನ ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತಿದ್ದಳು.

“ಅದು ನನ್ನ ದನಿ,” ಎಂದಳು. “ಆದರೆ ನಾನು ಹೇಳಿಲ್ಲ.”

ನಾನು ನಲ್ಲಿಯ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತೆ.

“ಎಲ್ಲಿಂದ ತೆಗೆದ್ರಿ?”

“ಆಸ್ಟಿನ್‌ದು.”

“ಆಸ್ಟಿನ್‌ನಲ್ಲಿ ನಡೆದದ್ದು ಪ್ರಾರ್ಥನೆ. ಬುಧವಾರ ಪ್ರಾಕ್ಟೀಸು.” ಅವಳು ಕೈಯನ್ನು ಜೇಬಿಗೆ ಹಾಕಿಕೊಂಡಳು. “ಪ್ರಾಕ್ಟೀಸಿಗೆ ಆ ಹೆಸರನ್ನ ಬಳಸಲ್ಲ. ನನ್ನ ತಾತ ಹಾಗೆ. ಹಾಡು ಕಲಿಸುವಾಗ ಅಲ್ಲಿ ಬೇರೆ ಪದ ಹಾಕ್ತಾರೆ. ‘ಆ ಹೆಸರು’ ಅಂತ ಅದರ ಅರ್ಥ, ಅಷ್ಟೇ. ಈ ಸ್ಕೂಲು ವರ್ಷದಿಂದ ನಾನೂ ಹಾಗೇ, ಊಟದಲ್ಲೂ.”

ನಳಿನಿ ಆಂಟಿ ಫೋನನ್ನು ನನ್ನ ಕೈಗೆ ತುರುಕಿದ ಆ ಗಳಿಗೆ ನೆನಪಾಯಿತು. ಅವರ ಒಡಪಿನಿಂದ ‘ಈರಣ್ಣ’ ಎಂಬುದನ್ನು ಕತ್ತರಿಸಿ ಆ ದಂತವೈದ್ಯರ ಫೋನಿಗೆ ಅಂಟಿಸಿದ್ದರೆ ಅವರು ನನ್ನನ್ನು ಇನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿದ್ದರೆ?

“ನೀನೂ ಆ ಬೇರೆ ಪದ ಹೇಳಬಹುದಿತ್ತಲ್ಲ?” ಎಂದೆ.

“ಹನ್ನೊಂದು ಜನ ಒಂದು ಹೇಳುವಾಗ ನಾನೊಬ್ಬಳೇ ಇನ್ನೊಂದು ಹೇಳಿದ್ರೆ ಎಲ್ಲರಿಗೂ ಕೇಳಿಸುತ್ತೆ. ಹೋದ ವರ್ಷ ಒಬ್ಬಳು, ಶನಿವಾರ ನಮ್ಮ ವಿಶ್ರಾಂತಿ ದಿನ, ಅವತ್ತು ಕಾರ್ಯಕ್ರಮಕ್ಕೆ ಹಾಡಲ್ಲ ಅಂದಳು. ಆಶರ್ ಅವಳನ್ನ ಬೇಸಿಗೆ ಪೂರ್ತಿ ‘ರಬ್ಬಿ ಮೇಡಂ, ನಮ್ಮ ಧರ್ಮಗುರು’ ಅಂತ ಕರೆದ. ಅವಳು ಬಿಟ್ಟೇ ಹೋದಳು. ಸುಮ್ಮನಿದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ.” ಈಗ ನನ್ನನ್ನೇ ನೋಡಿದಳು. “ಬ್ಯಾಲೆನ್ಸ್‌ಗೆ ಅಂದಿದ್ರಿ.”

“ಸುಳ್ಳು ಹೇಳಿದೆ. ಯಾರು ಹಾಡ್ತಿಲ್ಲ ಅಂತ ಕಂಡುಹಿಡಿಯೋಕೆ ರೋಷೆಲ್ ಹೇಳಿದ್ರು.”

ಅವಳು ತಲೆಯಾಡಿಸಿದಳು, ಮೊದಲೇ ಗೊತ್ತಿದ್ದದ್ದು ಖಚಿತವಾದ ಹಾಗೆ.

“ಅದನ್ನ ತೆಗೆದುಹಾಕಿ.”

“ತೆಗೆದ್ರೆ ಜಾಗ ಖಾಲಿ ಕೇಳಿಸುತ್ತೆ. ನೀನು ಎಂಟರಲ್ಲಿ ಇರಲ್ಲ.”

“ಗೊತ್ತು. ತೆಗೆದುಹಾಕಿ. ಕಾರಣ ಮಾತ್ರ ಹೇಳಬೇಡಿ. ಅದು ನನ್ನದು.”

ಶುಕ್ರವಾರ ಬೆಳಿಗ್ಗೆ ರೋಷೆಲ್‌ರ ಕೋಣೆಗೆ ಹೋದೆ. ಏಳನೇ ಗೆರೆಯ ಹಳೆಯ ಫೈಲನ್ನು ಮೇಜಿನ ಮೇಲಿಟ್ಟು, ಜಾಗಗಳು ನಿಜಕ್ಕೂ ಖಾಲಿ ಇದ್ದವು, ತುಂಬಿದವಳು ನಾನು ಎಂದೆ. ಅವರು ಪೆನ್ಸಿಲನ್ನು ಎಳೆದು ತೆಗೆದರು. ಕೂದಲು ಭುಜದ ಮೇಲೆ ಬಿತ್ತು.

“ಯಾಯೆಲ್. ಯಾಕೆ?”

“ಅದನ್ನ ಹೇಳೋ ಹಕ್ಕು ನನಗಿಲ್ಲ.”

“ಅಂದ್ರೆ ಗೊತ್ತಿದೆ.” ಅವರು ಕಿಟಕಿಯ ಕಡೆ ನೋಡಿದರು. “ಬೇರೆ ಯಾರ ಬಾಯಿಗೆ ಏನೇನು ತುಂಬಿದ್ದೀರಿ?”

“ಇನ್ನೇನೂ ಇಲ್ಲ.”

“ಅದನ್ನ ನಾನು ಹೇಗೆ ನಂಬಲಿ?”

ಹನ್ನೆರಡೂ ಗೆರೆಗಳನ್ನು ತೆರೆದು ತೋರಿಸಬಹುದಿತ್ತು. ಆದರೆ ತೋರಿಸುವವಳೂ ನಾನೇ.

“ಭಾನುವಾರ ಬನ್ನಿ. ಕೊನೇ ಸಲ ಮೈಕ್ ಹಾಕಿ. ಈ ಸಲ ನನ್ನ ಕಿವಿಯಿಂದಲೇ ಕೇಳ್ತೀನಿ. ಅವಳು ಹಾಡದಿದ್ರೆ ಹ್ಯೂಸ್ಟನ್ ಇಲ್ಲ,” ಎಂದರು.

ಭಾನುವಾರ ಹೆರೆರಾ ಎಂದಿಗಿಂತ ಹೆಚ್ಚು ಹೊತ್ತು ಪೆಟ್ಟಿಗೆ ನೋಡಿದಂತೆ ನನಗೆ ಅನಿಸಿತು. ಇರಲಾರದು.

ರೋಷೆಲ್ ಪಿಯಾನೋ ಬಿಟ್ಟು ಸಾಲುಗಳ ನಡುವೆ ನಡೆದರು. ಕೀರ್ತನೆ ಶುರುವಾಯಿತು. ಮೊದಲ ಜಾಗ ಬರುವ ಹೊತ್ತಿಗೆ ಅವರು ಯಾಯೆಲ್‌ಳ ಪಕ್ಕದಲ್ಲಿದ್ದರು, ಕಿವಿ ಅವಳ ಮುಖದ ಹತ್ತಿರ. ಪರದೆಯ ಮೇಲೆ ಏಳನೇ ಗೆರೆ ಚಪ್ಪಟೆಯಾಯಿತು. ರೋಷೆಲ್ ಕದಲಲಿಲ್ಲ. ಯಾಯೆಲ್‌ಳ ಕಿವಿಗಳು ಕೆಂಪಾಗಿದ್ದವು. ಎರಡನೆಯ ಜಾಗ ಬಂತು.

ಗೆರೆ ಉಬ್ಬಿತು. ಹನ್ನೊಂದು ದನಿಗಳು ಒಂದು ಪದ ಹಾಡಿದವು. ಅವುಗಳ ಮೇಲೆ, ಅದೇ ಸ್ವರದಲ್ಲಿ, ಯಾಯೆಲ್ ಇನ್ನೊಂದು ಪದ ಹಾಡಿದಳು. ಅಚ್ಚುಕಟ್ಟಾದ ಗೋಡೆಯಿಂದ ಒಂದು ಇಟ್ಟಿಗೆ ಹೊರಗೆ ಚಾಚಿದ ಹಾಗೆ ಕೇಳಿಸಿತು.

“ರಾಂಗ್ ಲಿರಿಕ್ಸ್, ಯಾಯೆಲ್!” ಎಂದ ಆಶರ್. ಎರಡು ಮೂರು ಜನ ನಕ್ಕರು.

ರೋಷೆಲ್ ಕೈ ಎತ್ತಿದರು. ಹಾಡು ನಿಂತಿತು.

“ಏನಂದೆ?”

ಅವಳು ಆ ಪದವನ್ನು ಮತ್ತೊಮ್ಮೆ ಹೇಳಿದಳು. ಹೆಸರನ್ನಲ್ಲ, ‘ಆ ಹೆಸರು’ ಎಂಬುದನ್ನು. ಯಾರೂ ನಗಲಿಲ್ಲ. ಅದು ಏನೆಂದು ಅವರಿಗೆಲ್ಲ ಗೊತ್ತಿತ್ತು. ಗುರುವಾರದವರೆಗೆ ಗೊತ್ತಿಲ್ಲದೆ ಇದ್ದವಳು ನಾನೊಬ್ಬಳೇ.

“ಯಾವಾಗಿಂದ?”

“ಸೆಪ್ಟೆಂಬರ್‌ನಿಂದ.”

“ನನಗೆ ಹೇಳಬಹುದಿತ್ತು.”

“ನೀವು ಕೇಳಬಹುದಿತ್ತು,” ಎಂದಳು ಯಾಯೆಲ್. “ನೀವು ಮೈಕ್ ಹಾಕಿಸಿದ್ರಿ.”

ಹನ್ನೊಂದು ಮುಖಗಳು ಮೊದಲು ರೋಷೆಲ್‌ರತ್ತ, ಆಮೇಲೆ ನನ್ನತ್ತ ತಿರುಗಿದವು. ಆಶರ್ ತನ್ನ ಅಂಗಿಯ ಮೈಕನ್ನು ಕೆಳಗೆ ನೋಡಿದ. ತಮಾಷೆ ಮಾಡಲಿಲ್ಲ. ಅಂಗೈಯಿಂದ ಮುಚ್ಚಿದ. ಪಕ್ಕದವಳು ಕಿತ್ತು ಕುರ್ಚಿಯ ಮೇಲಿಟ್ಟಳು. ನನ್ನ ಪರದೆಯ ಮೇಲೆ ಗೆರೆಗಳು ಒಂದರ ಹಿಂದೊಂದು ಚಪ್ಪಟೆಯಾದವು, ಹನ್ನೆರಡೂ. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ರೋಷೆಲ್ ಪಿಯಾನೋದ ಬೆಂಚಿನ ಮೇಲೆ ಕೂತರು.

“ಮೈಕ್ ನನ್ನ ಐಡಿಯಾ,” ಎಂದರು. “ಕೆಟ್ಟ ಐಡಿಯಾ. ಇನ್ನು ಮೇಲೆ ಪ್ರಾಕ್ಟೀಸಿನಲ್ಲಿ ಆ ಜಾಗದಲ್ಲಿ ಎರಡರಲ್ಲಿ ಯಾವ ಪದ ಬೇಕಾದರೂ ಹಾಡಿ. ಆದರೆ ಬಾಯಿ ತೆರೆದ್ರೆ ದನಿ ಬರಬೇಕು.”

“ನಾನು ಪಿಜ್ಜಾ ಅನ್ನಬಹುದಾ?” ಎಂದ ಆಶರ್.

“ನೀನು ಡಲ್ಲಸ್‌ನಲ್ಲೇ ಉಳಿಯಬಹುದು, ಆಶರ್.”

ಅಭ್ಯಾಸ ಮುಗಿದ ಮೇಲೆ ಎಂಟು ಹೆಸರು ಓದಿದರು. ಯಾಯೆಲ್‌ಳದು ಐದನೆಯದು. ಆಶರ್‌ನದು ಎಂಟನೆಯದು, ಅಷ್ಟರವರೆಗೆ ಅವನು ಕುರ್ಚಿಯ ಅಂಚನ್ನು ಹಿಡಿದುಕೊಂಡೇ ಇದ್ದ. ಮೈಕುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ನನ್ನ ಹತ್ತಿರ ಬಂದು ರೋಷೆಲ್, ಹ್ಯೂಸ್ಟನ್‌ಗೆ ಸ್ಟುಡಿಯೋದವರು ಬೇರೆಯವರನ್ನು ಕಳಿಸಲಿ ಎಂದರು. ಒರಟಾಗಿ ಹೇಳಲಿಲ್ಲ. ಆಸ್ಟಿನ್‌ನ ಆ ನಾಲ್ಕು ತುಂಡುಗಳು ಇನ್ನೂ ನನ್ನ ಹತ್ತಿರ ಇದ್ದವು. ಅಲ್ಲೇ, ಅವರ ಎದುರಿಗೇ, ಕೇಳದೆ ಅಳಿಸಿದೆ. ಅವರು ನೋಡುತ್ತಾ ನಿಂತಿದ್ದರು. ಎಲ್ಲೋ ಇನ್ನೊಂದು ಪ್ರತಿ ಇರಬಹುದೆಂಬ ಅನುಮಾನ ಅವರ ಕಣ್ಣಿನಲ್ಲಿ ಇದ್ದರೆ, ಅದನ್ನು ನಾನು ತಪ್ಪೆನ್ನಲಾರೆ.

ಮೇ ತಿಂಗಳ ಮೂರನೇ ವಾರ ನಳಿನಿ ಆಂಟಿ ಫೋನ್ ಮಾಡಿದರು. “ಪೇರ್‌ಲ್ಯಾಂಡ್ ಮೀನಾಕ್ಷಿ ಗುಡಿಗೆ ಹೊಂಟೀವಿ, ಹ್ಯೂಸ್ಟನ್ ಬಾಜೂಕ. ಬರ್ತಿ ಏನು? ನಮ್ಮ ಮನಿಯವರು ಡ್ರೈವ್ ಮಾಡ್ತಾರ, ನೀ ಬರೇ ಅವರ ಹಾಡು ಸಹಿಸ್ಕೋಬೇಕು.”

ಕಾರಿನಲ್ಲಿ ಹೋಗುತ್ತಾ ವೃಂದದಲ್ಲಿ ನಡೆದದ್ದನ್ನೆಲ್ಲ ಹೇಳಿದೆ, ಹ್ಯೂಸ್ಟನ್‌ನ ವೃದ್ಧಾಶ್ರಮದಲ್ಲಿ ಮಕ್ಕಳು ಹಾಡುವುದು ಅಂದೇ ಎಂಬುದನ್ನೂ. ಅಂಕಲ್ ಹಾಡು ನಿಲ್ಲಿಸಿದರು. ಆಂಟಿ ಹಿಂದೆ ತಿರುಗಿ ನನ್ನನ್ನು ನೋಡಿದರು.

“ಆ ಹುಡಗಿಗೆ ಸಾರಿ ಅಂದಿ ಏನು?”

“ಇಲ್ಲ ಆಂಟಿ.”

“ಛಲೋ ಮಾಡಿದಿ,” ಎಂದರು. ಮೆಚ್ಚುಗೆಯೋ ವ್ಯಂಗ್ಯವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗಂಡನಿಗೆ, “ಏನ್ರಿ, ಮೊದಲ ಈಕಿನ್ನ ಅಲ್ಲಿ ಇಳಸ್ರಿ. ಗುಡಿ ಆಮ್ಯಾಲೂ ತೆರದಿರ್ತದ,” ಎಂದರು.

ವೃದ್ಧಾಶ್ರಮದ ಬಾಗಿಲಲ್ಲೂ ಕಾವಲುಗಾರ್ತಿಯೊಬ್ಬಳು ಚೀಲ ತೆರೆಸಿದಳು. ಒಳಗೆ ನೀರಿನ ಬಾಟಲಿ, ಆಂಟಿ ಕೊಟ್ಟ ಚಕ್ಕುಲಿ. ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತೆ. ಮುಂದೆ ಗಾಲಿಕುರ್ಚಿಯಲ್ಲಿ ತೆಳ್ಳಗಿನ ಮುದುಕರೊಬ್ಬರ ಬೆನ್ನು ಕಾಣುತ್ತಿತ್ತು, ತಲೆಯ ಮೇಲೆ ಚಿಕ್ಕ ಕಪ್ಪು ಟೋಪಿ. ಇಪ್ಪತ್ತನಾಲ್ಕು ಮಕ್ಕಳು ವೇದಿಕೆಗೆ ಬಂದರು. ಯಾಯೆಲ್ ಎರಡನೆಯ ಸಾಲಿನಲ್ಲಿ, ಆಶರ್‌ನ ಪಕ್ಕ. ನನ್ನನ್ನು ಕಂಡಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ.

ಕೀರ್ತನೆ ಶುರುವಾಯಿತು.

ಇದು ಪ್ರಾರ್ಥನೆಯೋ ಕಾರ್ಯಕ್ರಮವೋ ನನಗೆ ಗೊತ್ತಿರಲಿಲ್ಲ. ಅವಳು ಯಾವುದೆಂದು ತೀರ್ಮಾನಿಸಿದ್ದಾಳೋ ಅದೂ ಗೊತ್ತಿರಲಿಲ್ಲ. ಮೊದಲ ಜಾಗ ಹತ್ತಿರವಾದಂತೆ ನನ್ನ ಕಿವಿ ತಾನಾಗಿಯೇ ಇಪ್ಪತ್ತನಾಲ್ಕು ದನಿಗಳನ್ನು ಬಿಡಿಸತೊಡಗಿತು, ಅವಳದನ್ನು ಹುಡುಕತೊಡಗಿತು. ಸಿಗಲಿಲ್ಲ. ಕಣ್ಣು ಅವಳ ತುಟಿಗೆ ಹೋಯಿತು. ಇಷ್ಟು ದೂರದಿಂದಲೂ ಓದಬಹುದು. ಎರಡು ಪದಗಳಿಗೆ ತುಟಿ ಮುಚ್ಚುವ ರೀತಿ ಬೇರೆ.

ಅವಳ ತುಟಿಗಳು ತೆರೆದವು. ನಾನು ತಲೆ ತಗ್ಗಿಸಿ ನೆಲ ನೋಡಿದೆ. ನಾಲ್ಕನೆಯ ಜಾಗ ದಾಟುವವರೆಗೂ ಹಾಗೇ ಕೂತಿದ್ದೆ.